ಅಫ್ಘಾನಿಸ್ತಾನದಲ್ಲಿ ಅಮೆರಿಕನ್ ರಾಜ: ಜೊಸಾಯಾ ಹಾರ್ಲನ್ ಕಥೆಯಲ್ಲಿ ನಿಜವೆಷ್ಟು?

ಪ್ರಶ್ನೆ: ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಬಾಡಿಗೆ ಸೈನಿಕನೊಬ್ಬ ಅಫ್ಘಾನಿಸ್ತಾನದಲ್ಲಿ ರಾಜನಾಗಿದ್ದನೆಂದು ಕೇಳಿದ್ದೇನೆ. ಹೆಸರು ಜೊಸಾಯಾ ಹಾರ್ಲನ್. ಮಹಾರಾಜ ರಣಜಿತ್ ಸಿಂಗನ ಬಳಿಯೂ ನೌಕರಿಯಲ್ಲಿದ್ದನಂತೆ. ಸೈನ್ಯದ ತರಬೇತಿಯೇ ಇಲ್ಲದವನಿಗೆ ಇದೆಲ್ಲ ಹೇಗೆ ಸಾಧ್ಯವಾಯಿತು? ಇದರಲ್ಲಿ ನಿಜವೆಷ್ಟು, ಅವನೇ ಕಟ್ಟಿದ ಕಥೆಯೆಷ್ಟು? ನಮ್ಮ ದಖ್ಖನಿನ ಕಡೆಗೂ ಇಂಥ ಅಮೆರಿಕನ್ನರು ಬಂದಿದ್ದರೇ?
– ಪ್ರೌಢಶಾಲೆಯ ಇತಿಹಾಸ ಶಿಕ್ಷಕರೊಬ್ಬರು, ಹಾಸನ

ಉತ್ತರ: ಹಾರ್ಲನ್ ರಾಜನಾಗಿ ಒಂದು ದಿನವೂ ಆಳಲಿಲ್ಲ. ಆದರೆ ತನ್ನನ್ನೂ ತನ್ನ ವಂಶದವರನ್ನೂ ಘೋರ್ ಪ್ರಾಂತದ ಒಡೆಯರೆಂದು ಒಪ್ಪುವ ಕರಾರುಪತ್ರವನ್ನು ಅಲ್ಲಿನ ಮುಖಂಡನಿಂದ ಬರೆಸಿಕೊಂಡಿದ್ದು ನಿಜ. ಬಿಳಿಯ ಸಾಹಸಿಯೊಬ್ಬ ಪೂರ್ವದೇಶದ ಅರಸರನ್ನು ಬೆರಳ ತುದಿಯಲ್ಲಿ ಕುಣಿಸಿದ ಎಂಬಂತೆ ಈ ಕಥೆಯನ್ನು ಹೇಳುವುದು ರೂಢಿ. ನನಗೆ ಅದು ಒಪ್ಪಿಗೆಯಿಲ್ಲ. ಲೂಧಿಯಾನ, ಲಾಹೋರ್, ಕಾಬೂಲ್, ಘೋರ್ ಈ ನಾಲ್ಕು ಕಡೆಯೂ ಅವನನ್ನು ಇಟ್ಟುಕೊಂಡವರು ಅವನ ಬೆಲೆಯನ್ನು ಚೆನ್ನಾಗಿ ಅಳೆದೇ ಇಟ್ಟುಕೊಂಡರು, ಬೇಕಾದಷ್ಟು ಕಾಲ ದುಡಿಸಿಕೊಂಡರು.

ಹಾರ್ಲನ್ ಹುಟ್ಟಿದ್ದು 1799ರಲ್ಲಿ, ಪೆನ್ಸಿಲ್ವೇನಿಯಾದ ಚೆಸ್ಟರ್ ಕೌಂಟಿಯಲ್ಲಿ. ಮನೆಯವರು ಕ್ವೇಕರ್ ಪಂಥದವರು. ಆಯುಧ ಹಿಡಿಯುವುದನ್ನು ಪಾಪವೆಂದು ಬಗೆಯುವ ಕ್ರೈಸ್ತ ಪಂಥ ಅದು. ಅಣ್ಣ ರಿಚರ್ಡ್ ವೈದ್ಯ, ಮುಂದೆ ಪಳೆಯುಳಿಕೆಗಳ ಅಧ್ಯಯನಕ್ಕೆ ಹೆಸರಾದವನು. ತಮ್ಮನಿಗೆ ಕಾಲೇಜಿನ ಓದಿರಲಿಲ್ಲ. ಗ್ರೀಕ್ ಮತ್ತು ರೋಮನ್ ವೀರರ ಚರಿತ್ರೆ, ವೈದ್ಯಕೀಯ ಗ್ರಂಥಗಳು, ಸಸ್ಯಶಾಸ್ತ್ರ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಓದಿಕೊಂಡು ಬೆಳೆದ. ಅಲೆಕ್ಸಾಂಡರನ ಹುಚ್ಚು ಹಿಡಿದದ್ದೂ ಈ ಓದಿನಿಂದಲೇ; ಅದು ಕೊನೆಯವರೆಗೂ ಬಿಡಲಿಲ್ಲ. 1820ರಲ್ಲಿ ವ್ಯಾಪಾರದ ಹಡಗಿನಲ್ಲಿ ಸರಕಿನ ಮೇಲ್ವಿಚಾರಕನಾಗಿ ಕಲ್ಕತ್ತಕ್ಕೂ ಚೀನಾದ ಕ್ಯಾಂಟನ್ನಿಗೂ ಹೋದ. ಮತ್ತೊಮ್ಮೆ ಪೂರ್ವಕ್ಕೆ ಬಂದಾಗ ಊರಿನಿಂದ ಕಾಗದ ಬಂತು: ಮದುವೆ ನಿಶ್ಚಯವಾಗಿದ್ದ ಹುಡುಗಿ ಬೇರೆಯವನನ್ನು ಮದುವೆಯಾಗಿದ್ದಳು. ಇನ್ನು ಅಮೆರಿಕಕ್ಕೆ ಕಾಲಿಡುವುದಿಲ್ಲವೆಂದು ಹಾರ್ಲನ್ ತೀರ್ಮಾನಿಸಿದ.

ಅವನು ವೈದ್ಯನಾದದ್ದು ಕಲ್ಕತ್ತದಲ್ಲಿ. 1824ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಬರ್ಮಾದ ಮೇಲೆ ಯುದ್ಧ ಹೂಡಿತು. ಗುಂಡಿಗಿಂತ ಜ್ವರ ಮತ್ತು ಭೇದಿಗಳಿಗೇ ಸಿಪಾಯಿಗಳು ಹೆಚ್ಚು ಬಲಿಯಾಗುತ್ತಿದ್ದ ಆ ಯುದ್ಧದಲ್ಲಿ ಕಂಪನಿಗೆ ವೈದ್ಯರು ಸಾಲುತ್ತಿರಲಿಲ್ಲ. ಪದವಿಯಿಲ್ಲದ ಹಾರ್ಲನ್ ವೈದ್ಯ ಮಂಡಳಿಯ ಮುಂದೆ ನಿಂತು ಪಾಸಾಗಿ ಸಹಾಯಕ ಶಸ್ತ್ರವೈದ್ಯನಾಗಿಬಿಟ್ಟ. ಬರ್ಮಾದ ಅನುಭವ ಅವನಿಗೆ ಎರಡು ವಿಷಯ ಕಲಿಸಿತು. ಶಿಸ್ತಿನ ಪಡೆ ಹೇಗೆ ಸಾಗುತ್ತದೆ ಎನ್ನುವುದು ಒಂದು. ಬಿಳಿಯ ವೈದ್ಯನೆಂದರೆ ಯಾವ ಬಾಗಿಲೂ ತೆರೆಯುತ್ತದೆ ಎನ್ನುವುದು ಇನ್ನೊಂದು. ಸೈನ್ಯದ ತರಬೇತಿಯಿಲ್ಲದೆ ಹೇಗೆ ಸಾಧ್ಯವಾಯಿತು ಎಂದು ಕೇಳಿದ್ದೀರಿ. ಅವನ ಬದುಕಿನುದ್ದಕ್ಕೂ ಮೊದಲು ಕೆಲಸಕ್ಕೆ ಬಂದದ್ದು ಔಷಧಿಯ ಪೆಟ್ಟಿಗೆ, ಆಮೇಲೆ ನಾಲಿಗೆ. ಕತ್ತಿಗೆ ಕೊನೆಯ ಸ್ಥಾನ.

ಯುದ್ಧ ಮುಗಿದು ಕರ್ನಾಲಿನ ದಂಡಿನಲ್ಲಿದ್ದಾಗ, ಆಗ ಮುಂಬಯಿಯ ಗವರ್ನರ್ ಆಗಿದ್ದ ಎಲ್ಫಿನ್‌ಸ್ಟನ್ ಹಿಂದೆ ಕಾಬೂಲ್ ರಾಜ್ಯದ ಬಗ್ಗೆ ಬರೆದಿದ್ದ ಗ್ರಂಥ ಅವನ ಕೈಗೆ ಬಿತ್ತು. 1826ರಲ್ಲಿ ನೌಕರಿ ಬಿಟ್ಟು ಹಾರ್ಲನ್ ಲೂಧಿಯಾನಕ್ಕೆ ಹೊರಟ. ಕಂಪನಿಯ ಪಿಂಚಣಿ ತಿನ್ನುತ್ತ ಪಟ್ಟ ಕಳೆದುಕೊಂಡ ಅಫ್ಘನ್ ದೊರೆ ಶಾ ಶುಜಾ ಅಲ್ಲಿದ್ದ. ಕೊಹಿನೂರ್ ವಜ್ರವನ್ನು 1813ರಲ್ಲಿ ರಣಜಿತ್ ಸಿಂಗನಿಗೆ ಒಪ್ಪಿಸಬೇಕಾಗಿ ಬಂದವನು ಇವನೇ. ಸಿಂಹಾಸನ ಹೋದರೂ ದರ್ಬಾರಿನ ಠೀವಿ ಹೋಗಿರಲಿಲ್ಲ. ತಪ್ಪು ಮಾಡಿದ ಸೇವಕರ ಕಿವಿ, ಮೂಗು, ನಾಲಿಗೆ ಕೊಯ್ಯಿಸುವ ಅಭ್ಯಾಸವೂ ಹೋಗಿರಲಿಲ್ಲ. ಆ ಮನೆಯನ್ನು ಹಾರ್ಲನ್ ಕಿವಿಯಿಲ್ಲದ ಮೂಗರು ಮತ್ತು ನಪುಂಸಕರ ಕೂಟವೆಂದು ವರ್ಣಿಸಿದ್ದಾನೆ. ಮುಖ್ಯ ಸೇವಕ ಮುಲ್ಲಾ ಶಕೂರನಿಗೂ ಕಿವಿಗಳಿರಲಿಲ್ಲ. ಅದು ಕಾಣದಂತೆ ಕೂದಲು ಇಳಿಬಿಟ್ಟಿರುತ್ತಿದ್ದ. ಇಂಥ ಯಜಮಾನನಿಗೆ ಹಾರ್ಲನ್ ಮಾತು ಕೊಟ್ಟ: ಕಾಬೂಲಿನಲ್ಲಿ ದಂಗೆ ಎಬ್ಬಿಸಿ ಪಟ್ಟ ಮರಳಿ ಕೊಡಿಸುತ್ತೇನೆ, ನನ್ನನ್ನು ವಜೀರನನ್ನಾಗಿ ಮಾಡಬೇಕು. ಶುಜಾ ಒಪ್ಪಿದ. ಒಪ್ಪದೇ ಏನು? ಅವನಿಗೆ ಕಳೆದುಕೊಳ್ಳಲು ಏನೂ ಇರಲಿಲ್ಲ.

1827ರ ಕೊನೆಯ ಹೊತ್ತಿಗೆ ಸುಮಾರು ನೂರು ಮಂದಿಯನ್ನು ಕೂಡಿಸಿಕೊಂಡು, ಅಮೆರಿಕದ ಬಾವುಟ ಹಾರಿಸಿ, ಡ್ಯಾಶ್ ಎಂಬ ತನ್ನ ನಾಯಿಯೊಂದಿಗೆ ಹಾರ್ಲನ್ ಹೊರಟ. ಸೇರಿದವರಲ್ಲಿ ಹಿಂದೂಗಳು, ಮುಸ್ಲಿಮರು, ಸಿಖ್ಖರು ಎಲ್ಲರೂ ಇದ್ದರು. ಎಲ್ಲರಿಗೂ ಬೇಕಾಗಿದ್ದದ್ದು ಸಂಬಳ. ದಾರಿಯಲ್ಲೇ ಆ ಪಡೆ ಕರಗಿಹೋಯಿತು. ಕೋಟೆಯೊಂದರ ಕಾವಲಿನ ರೋಹಿಲ್ಲರಿಗೆ ಹಣ ಕೊಟ್ಟು ಎತ್ತಿಕಟ್ಟುವ ಯತ್ನವೂ ಕೈಗೂಡಲಿಲ್ಲ. ಆಗ ಸೈನ್ಯದ ವೇಷ ಕಳಚಿ ಮೆಕ್ಕಾದಿಂದ ಮರಳುವ ದರ್ವೇಶಿಯ ವೇಷ ತೊಟ್ಟ.

ಇಲ್ಲಿ ಒಂದು ಅಡ್ಡಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಬಹಾವಲಪುರದ ಸೀಮೆಯಲ್ಲಿ ಹಾರ್ಲನ್ನಿಗೆ ಇಬ್ಬರು ಬಿಳಿಯರು ಸಿಕ್ಕರು. ಅವರಲ್ಲೊಬ್ಬ ತಾನು ಅಮೆರಿಕದವನೆಂದು ಹೇಳಿಕೊಂಡ, ಹೆಸರು ಚಾರ್ಲ್ಸ್ ಮ್ಯಾಸನ್ ಎಂದ. ಅವನು ಅಸಲಿಗೆ ಜೇಮ್ಸ್ ಲೂಯಿಸ್, ಕಂಪನಿಯ ಬಂಗಾಳ ಫಿರಂಗಿ ದಳದಿಂದ ಆಗ್ರಾದಲ್ಲಿ ತಪ್ಪಿಸಿಕೊಂಡು ಬಂದ ಇಂಗ್ಲಿಷ್ ಸಿಪಾಯಿ. ಕೆಲವು ದಿನ ಒಟ್ಟಿಗಿದ್ದು ಬೇರೆಯಾದರು, ಮುಂದೆ ಹಗೆಗಳೂ ಆದರು. ಮ್ಯಾಸನ್ ಕಾಬೂಲಿನ ಸುತ್ತಮುತ್ತ ಸ್ತೂಪಗಳನ್ನು ಅಗೆದು, ಬೇಗ್ರಾಮಿನಲ್ಲಿ ಸಾವಿರಾರು ಹಳೆಯ ನಾಣ್ಯಗಳನ್ನು ಕೂಡಿಹಾಕಿದ. ಒಂದು ಬದಿಗೆ ಗ್ರೀಕ್, ಇನ್ನೊಂದು ಬದಿಗೆ ಅಪರಿಚಿತ ಲಿಪಿಯಿದ್ದ ಆ ನಾಣ್ಯಗಳಲ್ಲಿ ರಾಜರ ಹೆಸರುಗಳನ್ನು ಹೋಲಿಸಿ ಗುರುತಿಸಿ, ಕಲ್ಕತ್ತದಲ್ಲಿ ಹಳೆಯ ಲಿಪಿಗಳನ್ನು ಬಿಡಿಸುತ್ತಿದ್ದ ಜೇಮ್ಸ್ ಪ್ರಿನ್ಸೆಪ್‌ಗೆ ತಿಳಿಸಿದ. ಖರೋಷ್ಠಿ ಎಂಬ ಆ ಲಿಪಿ ಓದಲು ಬಂದದ್ದು ಹೀಗೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಕಂಡರಿಸಿದ ಚಪಡ ತನ್ನ ಹೆಸರಿನ ಮುಂದೆ ‘ಲಿಪಿಕರೇಣ’ ಎಂಬ ಪದವನ್ನು ಖರೋಷ್ಠಿಯಲ್ಲಿ ಬರೆದಿದ್ದಾನಲ್ಲ, ಅದನ್ನು ನಾವಿಂದು ಓದಬಲ್ಲೆವೆಂದರೆ ಅದರ ಹಿಂದೆ ಈ ಓಡಿಹೋದ ಸಿಪಾಯಿಯ ದುಡಿಮೆಯೂ ಇದೆ. ನಿಮ್ಮ ವಿದ್ಯಾರ್ಥಿಗಳನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋದರೆ ಬಂಡೆಯ ಮುಂದೆ ಇದನ್ನು ಹೇಳಿ. ಹಾರ್ಲನ್ನನ ಎಲ್ಲ ಸಾಹಸಗಳಿಗಿಂತ ಮ್ಯಾಸನ್ನನ ನಾಣ್ಯದ ಚೀಲ ನನಗೆ ದೊಡ್ಡದಾಗಿ ಕಾಣುತ್ತದೆ.

1828ರಲ್ಲಿ ಹಾರ್ಲನ್ ಕಾಬೂಲ್ ತಲುಪಿದ. ತಾನು ಕೆಡವಲು ಬಂದ, ಕಾಬೂಲನ್ನು ಆಗ ಆಳುತ್ತಿದ್ದ ದೋಸ್ತ್ ಮೊಹಮ್ಮದ್ ಖಾನನನ್ನು ಕಂಡದ್ದೇ ತಡ, ಅವನ ಎಣಿಕೆ ತಲೆಕೆಳಗಾಯಿತು. ದೋಸ್ತ್ ಮೊಹಮ್ಮದ್ ಚುರುಕುಬುದ್ಧಿಯವನು, ಅಮೆರಿಕದ ಸರ್ಕಾರ ಹೇಗೆ ನಡೆಯುತ್ತದೆ ಎಂದು ಬಿಡಿಸಿ ಕೇಳುವಷ್ಟು ಕುತೂಹಲವುಳ್ಳವನು. ಶುಜಾನಿಗಾಗಿ ದಂಗೆಯೇಳಲು ಅಲ್ಲಿ ಯಾರೂ ತಯಾರಿರಲಿಲ್ಲ. ಕಾಲರಾ ಬೇರೆ ಬಡಿಯಿತು. ಬದುಕಿ ಉಳಿದ ಹಾರ್ಲನ್ 1829ರಲ್ಲಿ ಲಾಹೋರಿಗೆ ಬಂದ.

ಲಾಹೋರ್ ದರ್ಬಾರಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ. ನೆಪೋಲಿಯನ್ ಸೋತ ಮೇಲೆ ಕೆಲಸವಿಲ್ಲದೆ ಅಲೆಯುತ್ತಿದ್ದ ಅಧಿಕಾರಿಗಳು ರಣಜಿತ್ ಸಿಂಗನನ್ನು ಹುಡುಕಿಕೊಂಡು ಬಂದಿದ್ದರು. ಫ್ರಾನ್ಸಿನ ಅಲಾರ್ ಮತ್ತು ಕೋರ್, ಇಟಲಿಯ ವೆಂಚುರಾ ಮತ್ತು ಅವಿತಾಬಿಲೆ ಅವರಲ್ಲಿ ಮುಖ್ಯರು. ದನದ ಮಾಂಸ ತಿನ್ನಬಾರದು, ಗಡ್ಡ ಬೋಳಿಸಬಾರದು, ಹೊಗೆಸೊಪ್ಪು ಸೇದಬಾರದು, ಇಲ್ಲಿಯ ಹೆಣ್ಣನ್ನೇ ಮದುವೆಯಾಗಿ ನೆಲೆಸಬೇಕು ಎಂಬ ಷರತ್ತುಗಳಿಗೆ ಅವರು ಒಪ್ಪಬೇಕಿತ್ತೆಂದು ಆ ಕಾಲದ ಬರಹಗಳು ಹೇಳುತ್ತವೆ. ಪಡೆಗೆ ಕವಾಯತು ಕಲಿಸುವುದು ಅವರ ಕೆಲಸ. ಯುದ್ಧವೋ ಸಂಧಿಯೋ ಎಂದು ತೀರ್ಮಾನಿಸುವ ಅಧಿಕಾರ ಮಹಾರಾಜನದು ಮಾತ್ರ. ಹಾರ್ಲನ್ ಮೊದಲು ವೈದ್ಯನಾಗಿ ದರ್ಬಾರಿನಲ್ಲಿ ಓಡಾಡಿಕೊಂಡಿದ್ದು, ಬಳಿಕ ನೂರ್‌ಪುರ ಮತ್ತು ಜಸ್ರೋಟಾಗಳ ಆಡಳಿತ ಪಡೆದ. 1832ರಲ್ಲಿ ಗುಜರಾತಿನ ಗವರ್ನರ್ ಆದ. ಇದು ನಮ್ಮ ಗುಜರಾತ್ ರಾಜ್ಯವಲ್ಲ. ಈಗ ಪಾಕಿಸ್ತಾನದ ಪಂಜಾಬಿನಲ್ಲಿರುವ ಊರು.

ಆ ನೇಮಕದ ಮಾತನ್ನು ಪಾದ್ರಿ ಜೋಸೆಫ್ ವುಲ್ಫ್ ಹಾರ್ಲನ್ ಬಾಯಿಂದಲೇ ಕೇಳಿ ಬರೆದಿಟ್ಟಿದ್ದಾನೆ. ತಿಂಗಳಿಗೆ 3,000 ರೂಪಾಯಿ ಕೊಡುತ್ತೇನೆ, ಸರಿಯಾಗಿ ನಡೆದುಕೊಂಡರೆ ಸಂಬಳ ಏರಿಸುತ್ತೇನೆ, ಇಲ್ಲದಿದ್ದರೆ ಮೂಗು ಕತ್ತರಿಸುತ್ತೇನೆ ಎಂದನಂತೆ ಮಹಾರಾಜ. ಹಾರ್ಲನ್ನನ ಮೂಗು ಜಾಗದಲ್ಲೇ ಇದ್ದುದರಿಂದ ಅವನು ಸರಿಯಾಗಿಯೇ ನಡೆದುಕೊಂಡಿದ್ದಾನೆ ಎಂದು ವುಲ್ಫ್ ಊಹಿಸಿದ. ವುಲ್ಫ್ ಗುಜರಾತಿಗೆ ಹೋದ ಸಂಗತಿಯೂ ಸೊಗಸಾಗಿದೆ. ಗವರ್ನರನ ಮನೆಯಲ್ಲಿ ಕಾಯುತ್ತ ಕುಳಿತಿದ್ದಾಗ ಯಾರೋ ‘ಯಾಂಕೀ ಡೂಡಲ್’ ಎಂಬ ಅಮೆರಿಕದ ಜನಪ್ರಿಯ ಹಾಡನ್ನು ಹಾಡಿಕೊಳ್ಳುತ್ತಿರುವುದು ಕೇಳಿಸಿತು, ಅದೂ ಅಪ್ಪಟ ಅಮೆರಿಕನ್ ಉಚ್ಚಾರಣೆಯಲ್ಲಿ. ಹುಕ್ಕಾ ಹಿಡಿದು ಹೊರಬಂದ ಎತ್ತರದ ಆಳು ತಾನು ಫಿಲಡೆಲ್ಫಿಯಾದ ಕಡೆಯವನೆಂದು ಪರಿಚಯಿಸಿಕೊಂಡ. ಇದು ಹಾರ್ಲನ್ ಬರೆದುಕೊಂಡದ್ದಲ್ಲ, ಕಂಡವನ ಸಾಕ್ಷಿ. ಆದ್ದರಿಂದಲೇ ಇದನ್ನು ನಾನು ನಂಬುತ್ತೇನೆ.

1835ರಲ್ಲಿ ರಣಜಿತ್ ಸಿಂಗ್ ಅವನನ್ನು ನಿಜವಾಗಿ ಬಳಸಿಕೊಂಡ. ಹಿಂದಿನ ವರ್ಷ ಸಿಖ್ಖರು ಪೇಶಾವರವನ್ನು ವಶಪಡಿಸಿಕೊಂಡಿದ್ದರು. ಅದನ್ನು ಮರಳಿ ಪಡೆಯಲು ದೋಸ್ತ್ ಮೊಹಮ್ಮದ್ ಜಿಹಾದ್ ಸಾರಿ ದೊಡ್ಡ ದಂಡು ಕಟ್ಟಿ ಬಂದ. ಮಹಾರಾಜ ಸಂಧಾನಕ್ಕೆಂದು ತನ್ನ ನಂಬುಗೆಯ ಮಂತ್ರಿ ಫಕೀರ್ ಅಜೀಜುದ್ದೀನನನ್ನು ಕಳುಹಿಸಿದ, ಜೊತೆಗೆ ಹಾರ್ಲನ್ನನನ್ನು. ಅಣ್ಣತಮ್ಮಂದಿರಲ್ಲಿ ಒಡಕು ತಂದು, ದೋಸ್ತ್ ಮೊಹಮ್ಮದನ ಮಲಸಹೋದರ ಸುಲ್ತಾನ್ ಮೊಹಮ್ಮದ್ ಖಾನನನ್ನು ಹಣಕ್ಕೆ ಒಲಿಸಿಕೊಳ್ಳುವುದು ಅವರ ಒಳಗುಟ್ಟು. ಇದು ಗೊತ್ತಾಗಿ ದೋಸ್ತ್ ಮೊಹಮ್ಮದ್ ರಾಯಭಾರಿಗಳನ್ನೇ ಹಿಡಿದುಕೊಂಡು ಹೋಗಲು ಯೋಚಿಸಿ, ಅವರನ್ನು ಅದೇ ಸುಲ್ತಾನ್ ಮೊಹಮ್ಮದನ ಕೈಗೆ ಒಪ್ಪಿಸಿದ. ಅವನು ಅವರನ್ನು ಬಿಟ್ಟು ಕಳುಹಿಸಿದ. ಅಫ್ಘನ್ ದಂಡು ರಾತ್ರೋರಾತ್ರಿ ಚದುರಿಹೋಯಿತು. ಇಡೀ ಕೆಲಸ ತನ್ನದೇ ಎಂದು ಹಾರ್ಲನ್ ಹೆಮ್ಮೆಯಿಂದ ಬರೆದುಕೊಂಡಿದ್ದಾನೆ. ಅಜೀಜುದ್ದೀನನಂಥ ಪಳಗಿದ ಮುತ್ಸದ್ದಿ ಪಕ್ಕದಲ್ಲಿದ್ದಾಗ, ಲಾಹೋರಿನ ಹಣದ ಥೈಲಿ ಹಿಂದಿದ್ದಾಗ, ಆ ಹೆಮ್ಮೆಯ ಅರ್ಧಕ್ಕಿಂತ ಹೆಚ್ಚು ಪಾಲನ್ನು ಲಾಹೋರಿಗೇ ಕೊಡಬೇಕು ಎನ್ನುವುದು ನನ್ನ ಎಣಿಕೆ.

ಆಮೇಲೆ ಮಹಾರಾಜನಿಗೂ ಅವನಿಗೂ ಕೆಟ್ಟಿತು. ಪಾರ್ಶ್ವವಾಯು ಬಡಿದಿದ್ದ ರಣಜಿತ್ ಸಿಂಗನ ಚಿಕಿತ್ಸೆಯ ವಿಚಾರದಲ್ಲಿ ಮನಸ್ತಾಪವಾಯಿತು, ರಸವಿದ್ಯೆಯ ನೆಪದಲ್ಲಿ ಖೋಟಾ ನಾಣ್ಯ ಮಾಡುತ್ತಿದ್ದಾನೆಂಬ ಆರೋಪವೂ ಬಂತು. 1836ರಲ್ಲಿ ಹಾರ್ಲನ್ ಹೋದದ್ದಾದರೂ ಎಲ್ಲಿಗೆ? ಹಿಂದಿನ ವರ್ಷವಷ್ಟೇ ತಾನು ಮೋಸದಿಂದ ಸೋಲಿಸಿದ ದೋಸ್ತ್ ಮೊಹಮ್ಮದನ ಬಳಿಗೆ. ದೋಸ್ತ್ ಮೊಹಮ್ಮದ್ ಅವನನ್ನು ಕೊಲ್ಲಿಸಲಿಲ್ಲ, ಕೆಲಸಕ್ಕೆ ಇಟ್ಟುಕೊಂಡ. ಶತ್ರುವಿನ ಪಾಳೆಯದ ಒಳಹೊರಗು ತಿಳಿದವನು ಕಾಲ ಬುಡಕ್ಕೆ ತಾನಾಗಿ ಬಂದರೆ ಬಿಡುವಷ್ಟು ದಡ್ಡ ಅವನಲ್ಲ. ತಾನು ಕಾಬೂಲಿನ ಸೇನಾಧಿಪತಿಯಾಗಿದ್ದೆ ಎಂಬ ಹಾರ್ಲನ್ನನ ಮಾತನ್ನು ಮಾತ್ರ ಎಚ್ಚರದಿಂದ ಓದಬೇಕು. ಕ್ಯಾಂಪ್‌ಬೆಲ್ ಎಂಬ ಇನ್ನೊಬ್ಬ ಬಾಡಿಗೆ ಅಧಿಕಾರಿ, ಪರ್ಶಿಯಾದ ಅಬ್ದುಲ್ ಸಮದ್ ಇವರೂ ಅಲ್ಲಿ ಪಡೆಗೆ ಕವಾಯತು ಕಲಿಸುತ್ತಿದ್ದರು. 1837ರ ಏಪ್ರಿಲ್‌ನಲ್ಲಿ ಜಮ್ರೂದ್ ಕದನ ನಡೆದು ಸಿಖ್ಖರ ಮಹಾವೀರ ಹರಿಸಿಂಗ್ ನಲ್ವಾ ಸತ್ತಾಗ, ಅಫ್ಘನ್ ದಂಡಿನ ಮುಂದಾಳತ್ವ ದೋಸ್ತ್ ಮೊಹಮ್ಮದನ ಮಕ್ಕಳ ಕೈಯಲ್ಲಿತ್ತು.

ಇನ್ನು ರಾಜಪದವಿಯ ಕಥೆ. ಹಿಂದೂಕುಷ್‌ನ ಆಚೆ ಕುಂದೂಜಿನಲ್ಲಿ ಮುರಾದ್ ಬೇಗ್ ಎಂಬ ಉಜ್ಬೆಕ್ ಅಮೀರನಿದ್ದ. ಹಜಾರಾ ಜನರ ಹಳ್ಳಿಗಳ ಮೇಲೆ ಬಿದ್ದು ಗಂಡು, ಹೆಣ್ಣು, ಮಕ್ಕಳನ್ನು ಹಿಡಿದು ಗುಲಾಮರ ಸಂತೆಯಲ್ಲಿ ಮಾರುವುದು ಅವನ ಕಸುಬು. 1838ರಲ್ಲಿ ಅವನನ್ನು ಬಗ್ಗಿಸಲು ಕಾಬೂಲಿನಿಂದ ದಂಡು ಹೊರಟಿತು. ಹಾರ್ಲನ್ ಕೊಟ್ಟ ಲೆಕ್ಕದಂತೆ 1,400 ಕುದುರೆ ಸವಾರರು, 1,100 ಕಾಲಾಳುಗಳು, 400 ಒಂಟೆಗಳು, ತೋಪುಗಳು, ಜೊತೆಗೆ ಒಂದು ಆನೆ. ದೋಸ್ತ್ ಮೊಹಮ್ಮದನ ಮಗನೊಬ್ಬನೂ ದಂಡಿನಲ್ಲಿದ್ದ. ಅಲೆಕ್ಸಾಂಡರ್ ದಾಟಿದ ಬೆಟ್ಟಗಳನ್ನು ಆನೆಯೊಂದಿಗೆ ದಾಟುವ ಆಸೆ ಹಾರ್ಲನ್ನಿಗೆ. ಆದರೆ ಬಾಮಿಯಾನಿನ ಚಳಿಯನ್ನು ಆನೆ ತಾಳಲಿಲ್ಲ, ಅದನ್ನು ಹಿಂದಕ್ಕೆ ಕಳುಹಿಸಬೇಕಾಯಿತು. 12,000 ಅಡಿಗೂ ಎತ್ತರದ ಖರ್ಜಾರ್ ಕಣಿವೆಯ ನೆತ್ತಿಯಲ್ಲಿ ಅಮೆರಿಕದ ಬಾವುಟ ಏರಿಸಿ 26 ಕುಶಾಲತೋಪು ಹಾರಿಸಿದ. ಆಗ ಅಮೆರಿಕದ ಒಕ್ಕೂಟದಲ್ಲಿದ್ದ ರಾಜ್ಯಗಳು 26. ತೋಪಿನ ಬಲದಿಂದ ಸೈಘಾನ್ ಕೋಟೆ ಬಿತ್ತು, ಮುರಾದ್ ಬೇಗ್ ಮಾತುಕತೆಗೆ ಇಳಿದ.

ಈ ಸಂಚಾರದಲ್ಲಿ ಹಾರ್ಲನ್ ಹಜಾರಾಗಳನ್ನು ಮನಸಾರೆ ಮೆಚ್ಚಿಕೊಂಡ. ಅವರಲ್ಲಿ ಹೆಂಗಸರು ಗಂಡಸರ ಸರಿಸಮವಾಗಿ ಕುದುರೆಯೇರಿ ಬೇಟೆಗೆ ಹೋಗುವುದನ್ನು ಕಂಡು ಬೆರಗಾದ. ಗುಲಾಮಗಿರಿಯ ಮೇಲಿನ ಅವನ ಸಿಟ್ಟು ಪ್ರಾಮಾಣಿಕವಾದದ್ದು. ಕ್ವೇಕರ್ ಮನೆಯಿಂದ ಬಂದ ಆ ಒಂದು ಸಂಸ್ಕಾರವನ್ನು ಅವನು ಎಲ್ಲಿಯೂ ಬಿಟ್ಟುಕೊಡಲಿಲ್ಲ. ಘೋರ್‌ನ ಹಜಾರಾ ಮುಖಂಡ ಮೊಹಮ್ಮದ್ ರಫೀ ಬೇಗ್ ಅವನ ಕವಾಯತು ಪಡೆಯನ್ನು ನೋಡಿ ಒಂದು ಕರಾರು ಮುಂದಿಟ್ಟ. ಘೋರ್ ಎಂದರೆ ನಮ್ಮ ಪಠ್ಯಪುಸ್ತಕಗಳ ಮಹಮ್ಮದ್ ಘೋರಿಯ ನಾಡು. ಕರಾರಿನ ಪ್ರಕಾರ ಹಾರ್ಲನ್ ಮತ್ತು ಅವನ ವಂಶದವರು ಶಾಶ್ವತವಾಗಿ ಘೋರ್‌ನ ಒಡೆಯರು, ರಫೀ ಬೇಗ್ ವಜೀರ. ಪ್ರತಿಯಾಗಿ ಹಾರ್ಲನ್ ಅಲ್ಲಿ ಶಿಸ್ತಿನ ಸೈನ್ಯ ಕಟ್ಟಿಕೊಡಬೇಕು. ಇದನ್ನು ರಫೀ ಬೇಗನ ಕಡೆಯಿಂದ ನೋಡಿ. ಸುತ್ತಲೂ ಗುಲಾಮರ ಬೇಟೆಗಾರರು. ತೋಪು ಮತ್ತು ಕವಾಯತು ಬಲ್ಲ ಪರದೇಶಿಯೊಬ್ಬ ಸಿಕ್ಕಿದ್ದಾನೆ. ಬಂಧುಬಳಗವಿಲ್ಲದ ಅವನಿಗೆ ಬಿರುದು ಕೊಟ್ಟರೆ ಹೋಗುವುದೇನು? ಆಡಳಿತ ಹೇಗೂ ವಜೀರನ ಕೈಯಲ್ಲೇ ಇರುತ್ತದೆ. ಹಾರ್ಲನ್ ಅದನ್ನು ತನ್ನ ಬದುಕಿನ ಶಿಖರವೆಂದು ಬಗೆದ. ರಫೀ ಬೇಗನಿಗೆ ಅದೊಂದು ಜಾಣ ಒಪ್ಪಂದ.

ಹಾರ್ಲನ್ ಕಾಬೂಲಿಗೆ ಮರಳಿದಾಗ ಎಲ್ಲವೂ ಮುಗಿದಿತ್ತು. ಅದೇ ಶಾ ಶುಜಾನನ್ನು ಮುಂದಿಟ್ಟುಕೊಂಡು ಬ್ರಿಟಿಷರ ದಂಡು ಬರುತ್ತಿತ್ತು. 1839ರ ಆಗಸ್ಟ್‌ನಲ್ಲಿ ಶುಜಾ ಕಾಬೂಲಿನ ಪಟ್ಟವೇರಿದ, ದೋಸ್ತ್ ಮೊಹಮ್ಮದ್ ಉತ್ತರಕ್ಕೆ ಓಡಿದ. ಹನ್ನೆರಡು ವರ್ಷ ಹಿಂದೆ ಯಾವ ಕೆಲಸಕ್ಕೆ ಹಾರ್ಲನ್ ಹೊರಟಿದ್ದನೋ ಅದನ್ನು ಕಂಪನಿ ಮಾಡಿ ಮುಗಿಸಿತು, ಅವನನ್ನು ದೇಶದಿಂದ ಹೊರಗೆ ಕಳುಹಿಸಿತು.

1841ರಲ್ಲಿ ಅಮೆರಿಕ ಸೇರಿ, ಮರುವರ್ಷ ಫಿಲಡೆಲ್ಫಿಯಾದಲ್ಲಿ ತನ್ನ ನೆನಪುಗಳ ಪುಸ್ತಕ ಪ್ರಕಟಿಸಿದ. ಅವನ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಅವನೇ ಬರೆದದ್ದರಿಂದ ಬಂದದ್ದು, ಇದನ್ನು ಮರೆಯಬಾರದು. ತನ್ನನ್ನು ಹೊಗಳಿಕೊಳ್ಳುವಾಗ ಅವನಿಗೆ ಕೈ ಹಿಡಿತವಿಲ್ಲ. ಅಲೆಕ್ಸಾಂಡರ್ ಬರ್ನ್ಸ್ ಮುಂತಾದ ಬ್ರಿಟಿಷ್ ಅಧಿಕಾರಿಗಳನ್ನು ಹಳಿಯುವಾಗ ಮಿತಿಯಿಲ್ಲ. ಆದರೂ ಒಂದು ವಿಷಯದಲ್ಲಿ ಅವನು ಎಲ್ಲರಿಗಿಂತ ಸರಿಯಾಗಿದ್ದ. ಅಫ್ಘನ್ನರ ನಾಡನ್ನು ಪರದೇಶಿ ಸೈನ್ಯದ ಬಲದಿಂದ, ಅಲ್ಲಿಯ ಜನಕ್ಕೆ ಬೇಡವಾದ ದೊರೆಯನ್ನು ಕೂರಿಸಿ, ಹಿಡಿದಿಡಲಾಗದು ಎಂದು ಅವನು ಖಡಾಖಂಡಿತವಾಗಿ ಹೇಳಿದ. 1841ರ ನವೆಂಬರ್‌ನಲ್ಲಿ ಬರ್ನ್ಸ್ ಕಾಬೂಲಿನಲ್ಲೇ ಕೊಲೆಯಾದ. 1842ರ ಜನವರಿಯಲ್ಲಿ ಅಲ್ಲಿಂದ ಹಿಂದೆ ಸರಿದ ಸುಮಾರು 4,500 ಸೈನಿಕರು ಮತ್ತು 12,000 ಪರಿವಾರದವರು ಹಿಮದ ಕಣಿವೆಗಳಲ್ಲಿ ನಾಶವಾದರು. ಆ ಸೈನಿಕರಲ್ಲಿ ಹೆಚ್ಚಿನವರು ಹಿಂದೂಸ್ತಾನದ ಸಿಪಾಯಿಗಳು ಎನ್ನುವುದನ್ನು ಪಾಠ ಹೇಳುವಾಗ ದಯವಿಟ್ಟು ಬಿಡಬೇಡಿ. ಆ ನಾಶದಿಂದ ಬದುಕಿ ಜಲಾಲಾಬಾದ್ ತಲುಪಿದ ಬ್ರಿಟಿಷ್ ವೈದ್ಯ ಬ್ರೈಡನ್ನನ ಚಿತ್ರವನ್ನು ಎಲ್ಲರೂ ನೆನೆಯುತ್ತಾರೆ, ಸಿಪಾಯಿಗಳನ್ನು ನೆನೆಯುವವರು ಕಡಿಮೆ.

ಉಳಿದ ಬದುಕನ್ನು ಚಿಕ್ಕದಾಗಿ ಹೇಳಬಹುದು. ಅಮೆರಿಕದ ಸೈನ್ಯಕ್ಕೆ ಒಂಟೆಗಳು ಬೇಕೆಂದು ಸರ್ಕಾರದ ಹಿಂದೆ ಬಿದ್ದ. 1855ರಲ್ಲಿ ಅದಕ್ಕೆಂದು 30,000 ಡಾಲರ್ ಮಂಜೂರಾಗಿ ಮರುವರ್ಷ ಟೆಕ್ಸಾಸಿಗೆ ಒಂಟೆಗಳು ಬಂದಿಳಿದವು. ಅವು ಬಂದದ್ದು ಮಧ್ಯಪ್ರಾಚ್ಯದಿಂದ, ಅಫ್ಘಾನಿಸ್ತಾನದಿಂದಲ್ಲ. 1849ರಲ್ಲಿ ಮದುವೆಯಾದ, ಮಗಳು ಹುಟ್ಟಿದಳು. 1861ರಲ್ಲಿ ಅಂತರ್ಯುದ್ಧ ಶುರುವಾದಾಗ 62ರ ವಯಸ್ಸಿನಲ್ಲಿ ಗುಲಾಮಗಿರಿಯ ವಿರುದ್ಧದ ಪಕ್ಷಕ್ಕೆ ಅಶ್ವದಳ ಕಟ್ಟಿಕೊಟ್ಟ. ಆದರೆ ಪೆನ್ಸಿಲ್ವೇನಿಯಾದ ಹುಡುಗರ ಮೇಲೆ ಕಾಬೂಲಿನ ದರ್ಪ ನಡೆಯಲಿಲ್ಲ, ಸೇನಾ ನ್ಯಾಯಾಲಯದ ವಿಚಾರಣೆಯವರೆಗೂ ಜಗಳ ಹೋಯಿತು. 1862ರಲ್ಲಿ ಕಾಯಿಲೆಯಿಂದಾಗಿ ಸೈನ್ಯ ಬಿಟ್ಟ. ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವೈದ್ಯ ವೃತ್ತಿ ಮಾಡಿಕೊಂಡಿದ್ದು 1871ರಲ್ಲಿ ಕ್ಷಯದಿಂದ ತೀರಿಕೊಂಡ. ಘೋರ್‌ನ ಪತ್ರ ಕಾಗದಗಳ ನಡುವೆ ಉಳಿದು ಈ ಶತಮಾನದ ಆರಂಭದಲ್ಲಿ ಚೆಸ್ಟರ್ ಕೌಂಟಿಯ ಸಂಗ್ರಹದಲ್ಲಿ ಬೆಳಕಿಗೆ ಬಂತು.

ದಖ್ಖನಿನ ಬಗ್ಗೆ ಕೇಳಿದ್ದೀರಿ. ಹೌದು, ಹಾರ್ಲನ್ನಿಗಿಂತ ಒಂದು ತಲೆಮಾರು ಮೊದಲೇ ಇಲ್ಲಿಗೆ ಅಮೆರಿಕನ್ ಬಾಡಿಗೆ ಸೈನಿಕ ಬಂದಿದ್ದ. ಮ್ಯಾಸಚೂಸೆಟ್ಸಿನ ನ್ಯೂಬರಿಪೋರ್ಟ್ ಊರಿನ ಜಾನ್ ಪಾರ್ಕರ್ ಬಾಯ್ಡ್, 1764ರಲ್ಲಿ ಹುಟ್ಟಿದವನು. 1790ರ ದಶಕದಲ್ಲಿ ಹೈದರಾಬಾದಿನ ನಿಜಾಮನ ಬಳಿ ತನ್ನದೇ ಪಡೆಯನ್ನು ಇಟ್ಟುಕೊಂಡು ದುಡಿದ. ಬೀದರ್, ಕಲಬುರಗಿ, ರಾಯಚೂರುಗಳೂ ಸೇರಿದಂತೆ ನಮ್ಮ ಕಲ್ಯಾಣ ಕರ್ನಾಟಕದ ಬಹುಭಾಗ ಆಗ ನಿಜಾಮನ ರಾಜ್ಯದಲ್ಲಿತ್ತು. 1795ರ ಖರ್ಡಾ ಯುದ್ಧದಲ್ಲಿ ಮರಾಠರ ಎದುರು ನಿಜಾಮ ಸೋತಾಗ ಬಾಯ್ಡ್ ಸೋತ ಪಕ್ಷದಲ್ಲಿದ್ದ. ಬಳಿಕ ಗೆದ್ದವರ ಕಡೆಗೇ ಹೋಗಿ ಪುಣೆಯಲ್ಲಿ ಪೇಶ್ವೆಯ ಕೆಲಸಕ್ಕೆ ಸೇರಿಕೊಂಡ. ಕೊನೆಗೆ ಆನೆ, ಬಂದೂಕುಗಳ ಸಮೇತ ಇಡೀ ಪಡೆಯನ್ನು ನೇಪಲ್ಸಿನ ಫಿಲೋಸ್ ಎಂಬ ಇನ್ನೊಬ್ಬ ಬಾಡಿಗೆ ಸೇನಾನಿಗೆ ಮಾರಿ ಊರಿಗೆ ಮರಳಿದ. 1808ರಲ್ಲಿ ಅಮೆರಿಕದ ಸೈನ್ಯ ಸೇರಿ, 1811ರಲ್ಲಿ ಟಿಪ್ಪೆಕನೂ ಎಂಬಲ್ಲಿ ಅಲ್ಲಿಯ ಮೂಲನಿವಾಸಿಗಳ ಒಕ್ಕೂಟದ ವಿರುದ್ಧ ಕಾದಿದ. ಅವನು ಹಾರ್ಲನ್ನನಷ್ಟು ಬರೆದಿಡಲಿಲ್ಲ, ಆದ್ದರಿಂದ ಅವನ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ದಖ್ಖನಿನ ಯುದ್ಧಗಳನ್ನು ಕಲಿಸುವ ತರಗತಿಯಲ್ಲಿ ನೀವು ಮೊದಲು ಅವನನ್ನೇ ಪರಿಚಯಿಸಿದರೆ ಮಕ್ಕಳಿಗೆ ಖರ್ಡಾ ಕದನ ಬೇಗ ಹತ್ತಿರವಾದೀತು.